ಹುಡೇವಿಗೆ ಸಿಮೆಂಟ್ ಬಳಿಯಬಹುದೇ? ಹಾಳೂರ ದಿಬ್ಬದಲ್ಲಿ ಕಂಡ ಗೋಡೆಯನ್ನು ಏನು ಮಾಡಬೇಕು?

ಓದುಗರ ಪ್ರಶ್ನೆ:

"ನಮ್ಮದು ರೋಣ ತಾಲ್ಲೂಕಿನ ಒಂದು ಹಳ್ಳಿ. ನಾನು ಇಲ್ಲಿನ ಶಾಲೆಯಲ್ಲಿ ಮಾಸ್ತರ. ಊರ ನಡುವೆ ಹಳೇ ಕಾಲದ ಹುಡೇವು, ಅಂದರೆ ಊರು ಕಾಯಲು ಕಟ್ಟಿದ ಬುರುಜು, ಇದೆ. ಬುಡದಲ್ಲಿ ಮೊಣಕಾಲೆತ್ತರ ಕಲ್ಲು, ಮೇಲೆಲ್ಲ ಮಣ್ಣು. ಹೋದ ಮಳೆಗಾಲದಲ್ಲಿ ಅದರ ಒಂದು ಮಗ್ಗುಲು ಕುಸಿಯಿತು. ಊರ ಹೊರಗೆ ಹಾಳೂರ ದಿಬ್ಬ ಇದೆ. ಅಲ್ಲಿ ಹೊಲಕ್ಕೆ ಹಾಕಲು ಜೆಸಿಬಿಯಿಂದ ಮಣ್ಣು ತೆಗೆದಾಗ ಹಸಿ ಇಟ್ಟಂಗಿಯ ಗೋಡೆ, ಬೂದಿಯ ಪದರ, ಕಪ್ಪು-ಕೆಂಪು ಮಡಕೆ ಚೂರು ಕಂಡಿವೆ. ಪಂಚಾಯಿತಿಯವರು ಹುಡೇವಿಗೆ ಸಿಮೆಂಟ್ ಗಿಲಾವು ಮಾಡಿಸಿ ಬಣ್ಣ ಹಚ್ಚೋಣ ಅಂತಾರೆ. ದಿಬ್ಬದ ಗೋಡೆಗೆ ತಗಡಿನ ಶೆಡ್ ಹಾಕಿ ಜನರಿಗೆ ತೋರಿಸೋಣ ಅಂತ ಹುಡುಗರ ಆಸೆ. ಕೆಮಿಕಲ್ ಹೊಡೆದರೆ ಮಣ್ಣು ಕಲ್ಲಿನಂತಾಗುತ್ತದೆ ಎಂದು ಒಬ್ಬರು ಹೇಳಿದರು. ಹಿರಿಯರು ಮಾತ್ರ ಮಾಳಿಗೆಗೆ (ಮನೆಯ ಸಪಾಟು ಮಣ್ಣಿನ ಸೂರಿಗೆ) ಹಾಕುವ ಸವಳು ಮಣ್ಣನ್ನೇ, ಅಂದರೆ ಉಪ್ಪಿನಂಶದ ಮಣ್ಣನ್ನೇ, ಮೆತ್ತಿ ಅಂತಾರೆ. ಮಣ್ಣಿನದು ಎಂದಿದ್ದರೂ ಬೀಳೋದೇ, ಸುಮ್ನೆ ಯಾಕೆ ದುಡ್ಡು ಹಾಕೋದು ಅನ್ನೋರೂ ಇದ್ದಾರೆ. ಮಳೆಗಾಲ ಹತ್ತಿರ ಬಂತು. ಯಾರ ಮಾತು ಕೇಳಬೇಕು?"

ಉತ್ತರ:

ಮಾಸ್ತರರೇ, ನಿಮ್ಮ ಆತಂಕ ಸರಿಯಾಗಿದೆ. ಮಳೆಗಾಲಕ್ಕೆ ಮುಂಚೆಯೇ ಕೇಳಿದ್ದು ಇನ್ನೂ ಒಳ್ಳೆಯದಾಯಿತು. ಆದರೆ ನಿಮ್ಮ ಪತ್ರದಲ್ಲಿ ಇರುವುದು ಎರಡು ಬೇರೆ ಬೇರೆ ಸಮಸ್ಯೆ. ಹುಡೇವನ್ನು ಕಟ್ಟಿದವರು ಅದು ಗಾಳಿ ಮಳೆಯಲ್ಲಿ ನಿಲ್ಲಲಿ ಎಂದೇ ಕಟ್ಟಿದರು. ವರ್ಷ ವರ್ಷ ಮಣ್ಣು ಮೆತ್ತುವವರು ಇದ್ದೇ ಇರುತ್ತಾರೆ ಎಂದು ನಂಬಿ ಕಟ್ಟಿದರು. ದಿಬ್ಬದ ಗೋಡೆ ಹಾಗಲ್ಲ. ಅದು ನೂರಾರು ವರ್ಷ ನೆಲದ ಒಳಗೆ ಬಿಸಿಲು ಮಳೆ ಕಾಣದೆ ಇತ್ತು. ಈಗ ಒಂದೇ ದಿನದಲ್ಲಿ ಬಯಲಿಗೆ ಬಿದ್ದಿದೆ. ಹಾಗಾಗಿ ಮೊದಲನೆಯದಕ್ಕೆ ಮಣ್ಣು ಮೆತ್ತಬೇಕು, ಎರಡನೆಯದನ್ನು ಮತ್ತೆ ಮುಚ್ಚಬೇಕು. ನನ್ನ ಉತ್ತರದ ಸಾರ ಇಷ್ಟೇ. ಯಾಕೆ ಎಂದು ಹೇಳುತ್ತೇನೆ.

ಮೊದಲು "ಮಣ್ಣಿನದು ಬೀಳೋದೇ" ಎನ್ನುವ ಮಾತು. ಧಾರವಾಡದ ಕಿಲ್ಲೆಯನ್ನು ನೆನೆಸಿಕೊಳ್ಳಿ. ಅದರ ಕೋಟೆಗೋಡೆಯಲ್ಲಿ ಮಣ್ಣಿನ ಪಾಲು ದೊಡ್ಡದು. ಮೂರನೇ ಮೈಸೂರು ಯುದ್ಧದಲ್ಲಿ, 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್‌ವರೆಗೆ, ಪರಶುರಾಮ ಭಾವೂನ ಮರಾಠ ಸೈನ್ಯ ಮತ್ತು ಅದರ ಜೊತೆಗಿದ್ದ ಇಂಗ್ಲಿಷ್ ತುಕಡಿ ಆ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದವು. ತೋಪಿನ ಗುಂಡು ಬಿದ್ದರೆ ಕಲ್ಲು ಸಿಡಿಯುತ್ತದೆ, ಮಣ್ಣು ಗುಂಡನ್ನು ಒಳಗೆ ಎಳೆದುಕೊಂಡು ನಿಲ್ಲುತ್ತದೆ. ಇಷ್ಟು ಗಟ್ಟಿಯಾದ ಮಣ್ಣಿಗೆ ಒಂದು ಶತ್ರುವನ್ನು ಮಾತ್ರ ತಡೆಯಲು ಆಗುವುದಿಲ್ಲ. ಅದು ನಿಂತ ನೀರು.

ಕಾರಣ ಸರಳ. ಮಣ್ಣಿನ ಗೋಡೆಯಲ್ಲಿ ಮರಳನ್ನೂ ಹರಳನ್ನೂ ಹಿಡಿದಿಡುವುದು ಜೇಡಿ. ಜೇಡಿ ಒಣಗಿದಾಗ ಬಿಗಿಯುತ್ತದೆ, ನೆಂದಾಗ ಸಡಿಲವಾಗುತ್ತದೆ. ಇಟ್ಟಂಗಿಯಂತೆ ಸುಟ್ಟಿಲ್ಲವಾದ್ದರಿಂದ ಇದು ಮತ್ತೆ ಮತ್ತೆ ಆಗುತ್ತಲೇ ಇರುತ್ತದೆ. ಸ್ವಲ್ಪ ನೆಂದು ಬೇಗ ಒಣಗುವ ಗೋಡೆ ಶತಮಾನಗಟ್ಟಲೆ ನಿಲ್ಲುತ್ತದೆ. ನೆಂದು ಒಣಗಲಾಗದ ಗೋಡೆ ಒಂದೇ ಮಳೆಗಾಲಕ್ಕೆ ಕೂರುತ್ತದೆ. 2019ರ ಆಗಸ್ಟ್ ಮಳೆಗೆ ನಮ್ಮ ಜಿಲ್ಲೆಗಳಲ್ಲಿ ಎಷ್ಟು ಮಣ್ಣಿನ ಮನೆ ಬಿದ್ದವು ಎಂದು ನಿಮಗೂ ಗೊತ್ತು. ಆಮೇಲೆ ಜನ ಬೈದದ್ದು ಮಣ್ಣನ್ನು. ಆದರೆ ಮಳೆ ನಾಲ್ಕಾರು ದಿನ ಬಿಡದೆ ಹಿಡಿದಾಗ ಮೊದಲು ಕೂರುವುದು ಮಾಳಿಗೆಗೆ ವರ್ಷಗಟ್ಟಲೆ ಮಣ್ಣು ಹಾಕದ ಮನೆ, ಬುಡದಲ್ಲಿ ನೀರು ನಿಲ್ಲುವ ಮನೆ.

ಈಗ ಹುಡೇವಿನ ಬುಡಕ್ಕೆ ಬರೋಣ. ನನ್ನ ಕೆಲಸದಲ್ಲಿ ಹಳೇ ಮಣ್ಣಿನ ಕಟ್ಟಡ ನೋಡಲು ಹೋದಾಗ ಜನ ಮೇಲಿನ ಬಿರುಕು ತೋರಿಸುತ್ತಾರೆ. ನಾನು ಕೆಳಗೆ ನೋಡುತ್ತೇನೆ. ಬಹುತೇಕ ಕಡೆ ಗೋಡೆ ಸಾಯುವುದು ಬುಡದ ಮೊದಲ ಎರಡು ಮೂರು ಅಡಿಯಲ್ಲಿ. ಅಲ್ಲಿ ಮೂರು ಕೆಲಸ ಒಟ್ಟಿಗೆ ನಡೆಯುತ್ತವೆ. ಮಳೆಹನಿ ನೆಲಕ್ಕೆ ಬಡಿದು ಹಾರಿ ಗೋಡೆಯನ್ನು ಕೆರೆಯುತ್ತದೆ. ನೆಲದ ತೇವ ಗೋಡೆಯೊಳಗೆ ಮೇಲಕ್ಕೆ ಏರುತ್ತದೆ. ಆ ತೇವದ ಜೊತೆ ಉಪ್ಪೂ ಏರುತ್ತದೆ. ನೀರು ಹೊರಮೈಯಿಂದ ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿದು ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಮಣ್ಣಿನ ಕಣಗಳನ್ನು ದೂಡುತ್ತದೆ. ಗೋಡೆ ಪುಡಿಪುಡಿಯಾಗಿ ಉದುರುತ್ತದೆ. ಬುಡದಲ್ಲಿ ಬಿಳಿ ಹುಡಿ ಕಂಡರೆ, ಕೈಯಿಂದ ಸವರಿದರೆ ಮಣ್ಣು ಸುರಿದರೆ ಅದು ಇದೇ. ವರ್ಷಗಳಲ್ಲಿ ಬುಡ ಒಳಗೆ ಸರಿಯುತ್ತದೆ, ಮೇಲಿನ ಭಾರ ಹೊರಗೆ ಚಾಚಿಕೊಳ್ಳುತ್ತದೆ. ಆಮೇಲೆ ಒಂದು ಜೋರು ಮಳೆ ಸಾಕು. ನಿಮ್ಮ ಹುಡೇವಿನ ಮಗ್ಗುಲು ಬಿದ್ದದ್ದು ಹೋದ ವರ್ಷವಾದರೂ, ಬೀಳಲು ಶುರುವಾದದ್ದು ಎಷ್ಟೋ ವರ್ಷ ಹಿಂದೆ ಇರಬೇಕು.

ಉಪ್ಪು ಎಲ್ಲಿಂದ? ಸುತ್ತ ನೋಡಿ. ತಿಪ್ಪೆ ಎಷ್ಟು ದೂರ ಇದೆ? ದನ ಕಟ್ಟುತ್ತಾರೆಯೇ? ಹುಡೇವಿನ ಮರೆಯಲ್ಲಿ ಮೂತ್ರಕ್ಕೆ ಹೋಗುತ್ತಾರೆಯೇ? ಗೊಬ್ಬರ ಮತ್ತು ಮೂತ್ರದಿಂದ ಬರುವ ನೈಟ್ರೇಟ್ ಉಪ್ಪು ಮಣ್ಣಿನ ಗೋಡೆಗೆ ವಿಷ. ಇನ್ನೊಂದು ಹೊಸ ಕಾರಣ ಇದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ: ಸಿಸಿ ರಸ್ತೆ. ಹಳೇ ರಸ್ತೆಯ ಮೇಲೇ ಕಾಂಕ್ರೀಟ್ ಹಾಕಿದರೆ ಓಣಿಯ ಮಟ್ಟ ಅರ್ಧ ಅಡಿ ಮೇಲೆ ಬರುತ್ತದೆ. ಮೊದಲು ನೆಲಕ್ಕೆ ಇಂಗುತ್ತಿದ್ದ ನೀರು ಈಗ ಗೋಡೆಯ ಬುಡಕ್ಕೇ ಹೋಗಿ ನಿಲ್ಲುತ್ತದೆ. ಮನೆ ಮನೆಗೆ ನಳ ಬಂದಿದೆ, ಬಚ್ಚಲ ನೀರು ಜಾಸ್ತಿಯಾಗಿದೆ, ಗಟಾರ ಮಾತ್ರ ಎಲ್ಲ ಕಡೆ ಆಗಿಲ್ಲ. ನಳವೂ ಬೇಕು, ರಸ್ತೆಯೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರು ಹೋಗಲು ದಾರಿಯೂ ಬೇಕು, ಅಲ್ವಾ?

ಇದು ಗೊತ್ತಾದರೆ ಸಿಮೆಂಟ್ ಯಾಕೆ ಬೇಡ ಎನ್ನುವುದು ತಾನಾಗಿ ತಿಳಿಯುತ್ತದೆ. ಬುಡದಿಂದ ಏರುವ ನೀರು ಹೊರಮೈಯಿಂದ ಆರಿಹೋಗಬೇಕು. ಸಿಮೆಂಟ್ ಗಿಲಾವು ಆ ದಾರಿ ಮುಚ್ಚುತ್ತದೆ. ನೀರು ಇನ್ನೂ ಮೇಲಕ್ಕೆ ಏರುತ್ತದೆ, ಮೊದಲು ಎರಡು ಅಡಿಗೆ ನಿಲ್ಲುತ್ತಿದ್ದ ತೇವ ನಾಲ್ಕು ಅಡಿಗೆ ಹೋಗುತ್ತದೆ. ಬಿಸಿಲಿಗೆ ಸಿಮೆಂಟ್ ಹಿಗ್ಗಿ ಕುಗ್ಗುವ ರೀತಿಯೂ ಮಣ್ಣಿನ ರೀತಿಯೂ ಬೇರೆ, ಹಾಗಾಗಿ ಕೂದಲೆಳೆ ಬಿರುಕು ಬಂದೇ ಬರುತ್ತದೆ. ಮಳೆನೀರು ಆ ಬಿರುಕಿನಿಂದ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಜೊತೆಗೆ ಸಿಮೆಂಟ್ ತನ್ನದೇ ಉಪ್ಪನ್ನೂ ತರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಹೊರಗಿನಿಂದ ಗೋಡೆ ಹೊಸದರಂತೆ ಕಾಣುತ್ತದೆ. ಒಳಗೆ ಮಣ್ಣು ರಾಡಿಯಾಗುತ್ತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಹೀಗೆ ಸಿಮೆಂಟ್ ಬಳಿದ ಮಣ್ಣಿನ ಗೋಡೆಗಳನ್ನು ಬಿಚ್ಚಿದಾಗ ಹಿಂದೆ ಕೈ ಹೋಗುವಷ್ಟು ಪೊಳ್ಳು ಇದ್ದದ್ದನ್ನು ನಾನು ಕಂಡಿದ್ದೇನೆ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ರಾಂಚೋಸ್ ಡಿ ತಾವೋಸ್ ಎಂಬಲ್ಲಿ ಹಸಿ ಇಟ್ಟಂಗಿಯ ಹಳೇ ಚರ್ಚ್ ಇದೆ. ವರ್ಷ ವರ್ಷ ಮಣ್ಣು ಮೆತ್ತುವ ಕೆಲಸ ತಪ್ಪಲಿ ಎಂದು 1967ರಲ್ಲಿ ಅದಕ್ಕೆ ಸಿಮೆಂಟ್ ಗಿಲಾವು ಮಾಡಿದರು. ಒಳಗೆ ನೀರು ಸೇರಿ ಗೋಡೆ ಹಾಳಾಗತೊಡಗಿತು. 1979ರಲ್ಲಿ ಊರವರೇ ಸಿಮೆಂಟ್ ಕಿತ್ತು ಮತ್ತೆ ಮಣ್ಣಿಗೆ ಬಂದರು. ಇಂದಿಗೂ ಬೇಸಿಗೆಯಲ್ಲಿ ಊರ ಜನ ಸೇರಿ ಮಣ್ಣು ಮೆತ್ತುತ್ತಾರೆ. ನಿಮ್ಮ ಪಂಚಾಯಿತಿಯವರಿಗೆ ಈ ಉದಾಹರಣೆ ಹೇಳಿ. ಅವರೂ ಒಳ್ಳೆಯದಾಗಲಿ ಎಂದೇ ಸಿಮೆಂಟ್ ಅನ್ನುತ್ತಿದ್ದಾರೆ, ಆ ಕಾಳಜಿಯನ್ನು ಸರಿಯಾದ ಕಡೆ ತಿರುಗಿಸಿದರೆ ಸಾಕು. ಬೇರೆ ಊರಿನವರು ಯಾರಾದರೂ ಇದನ್ನು ಓದುತ್ತಿದ್ದು ಈಗಾಗಲೇ ಸಿಮೆಂಟ್ ಹಾಕಿಸಿದ್ದರೆ, ಒಂದು ಎಚ್ಚರಿಕೆ: ಅದನ್ನು ಒಮ್ಮೆಗೇ ಸುತ್ತಿಗೆಯಿಂದ ಕೀಳಬೇಡಿ. ಗೋಡೆ ಅದಕ್ಕೇ ಆನಿಕೊಂಡು ನಿಂತಿರಬಹುದು. ತಿಳಿದವರನ್ನು ಕರೆಸಿ, ಒಣ ಕಾಲದಲ್ಲಿ, ತುಸು ತುಸುವೇ ತೆಗೆಯಬೇಕು.

ಸವಳು ಮಣ್ಣಿನ ವಿಷಯದಲ್ಲಿ ಹಿರಿಯರ ಮಾತು ಅರ್ಧ ಸರಿ. ಮಾಳಿಗೆಗೆ ಅದು ನಿಜಕ್ಕೂ ಒಳ್ಳೆಯದು. ಅದರಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದಾಗ ಅದರ ಜೇಡಿ ನುಣ್ಣಗೆ ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ತುಂಬುತ್ತದೆ, ಕೆಳಗೆ ನೀರು ಇಳಿಯಲು ಬಿಡುವುದಿಲ್ಲ. ಸಪಾಟಾದ ಮಾಳಿಗೆಯಲ್ಲಿ ಅದು ಕೂತಲ್ಲೇ ಕೂತಿರುತ್ತದೆ, ಆದ್ದರಿಂದ ಉಪಯೋಗ. ಆದರೆ ನಿಂತ ಗೋಡೆಯಲ್ಲಿ ಅದೇ ಗುಣ ಮುಳುವಾಗುತ್ತದೆ. ಬಿಡಿಬಿಡಿಯಾದ ಜೇಡಿ ಮಳೆಯೊಂದಿಗೆ ಹರಿದು ಹೋಗುತ್ತದೆ, ಉಪ್ಪು ಹಳೇ ಗೋಡೆಗೆ ಇಳಿಯುತ್ತದೆ. ಹುಡೇವಿನ ಮೈಗೆ ಅದು ಬೇಡ. ತಲೆಗೂ ಬೇಡ ಎಂದೇ ನನ್ನ ಸಲಹೆ, ಏಕೆಂದರೆ ಅಲ್ಲಿಂದ ತೊಳೆದು ಬರುವ ನೀರು ಇಳಿಯುವುದು ಗೋಡೆಗೇ.

ಕೆಮಿಕಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ದ್ರಾವಣಗಳು ಮೇಲೆ ಒಂದು ಪೊರೆ ಕಟ್ಟುತ್ತವೆ. ಒಳಗಿನ ತೇವಕ್ಕೆ ಆ ಪೊರೆ ಗೋಡೆಯ ಚರ್ಮದ ಸಮೇತ ಹಪ್ಪಳದಂತೆ ಏಳುತ್ತದೆ. ಮಣ್ಣಿನ ಕಣಗಳನ್ನು ಬೆಸೆಯುವ ಈಥೈಲ್ ಸಿಲಿಕೇಟ್‌ನಂಥ ವಸ್ತುವನ್ನು ಪರಿಣತರು ಚಿತ್ರವಿರುವ ಗೋಡೆಗೋ ಅಚ್ಚಿನ ಕೆಲಸ ಇರುವ ಸಣ್ಣ ಭಾಗಕ್ಕೋ ಬಳಸುತ್ತಾರೆ. ಅದು ದುಬಾರಿ, ಒಮ್ಮೆ ಹಾಕಿದರೆ ತೆಗೆಯಲಾಗದು, ಬುಡದ ತೇವವನ್ನಂತೂ ನಿಲ್ಲಿಸದು. ಇಡೀ ಹುಡೇವಿಗೆ ಇದು ದಾರಿಯಲ್ಲ.

ಹಾಗಾದರೆ ಹುಡೇವಿಗೆ ಮಾಡಬೇಕಾದ್ದೇನು? ಮೊದಲ ಖರ್ಚು ನೀರಿಗೆ ಇರಲಿ. ಸುತ್ತ ಮೂರು ನಾಲ್ಕು ಅಡಿ ನೆಲವನ್ನು ಗರಸು (ಹರಳು ಮಣ್ಣು) ಹಾಕಿ ಹೊರಕ್ಕೆ ಇಳಿಜಾರು ಮಾಡಿಸಿ. ಕಾಂಕ್ರೀಟ್ ಕಟ್ಟೆ ಬೇಡ, ಅದು ನೆಲದ ತೇವವನ್ನೆಲ್ಲ ಗೋಡೆಯ ಕಡೆ ದೂಡುತ್ತದೆ. ಬುಡಕ್ಕೆ ಒತ್ತಿ ಆಳವಾದ ಕಾಲುವೆ ತೋಡುವುದೂ ಬೇಡ, ಪಾಯ ಸಡಿಲವಾಗುತ್ತದೆ. ಗಟಾರ ದೂರ ಇರಲಿ. ತಿಪ್ಪೆ ಎತ್ತಿಸಿ. ಇಷ್ಟು ಮಾಡಿದರೇ ಅರ್ಧ ಕೆಲಸ ಮುಗಿಯಿತು. ಇದಕ್ಕೆ ಪರಿಣತರೂ ಬೇಕಿಲ್ಲ, ಆದರೆ ನೆಲ ಅಗೆಯುವಾಗ ಹಳೇ ಕಲ್ಲು, ಇಟ್ಟಂಗಿ ಕಂಡರೆ ಅಲ್ಲಿಗೇ ನಿಲ್ಲಿಸಿ.

ಆಮೇಲೆ ಒಳಗೆ ಸರಿದ ಬುಡವನ್ನು ತುಂಬಬೇಕು. ಹಸಿ ಇಟ್ಟಂಗಿಯನ್ನು ಅದೇ ಜಾತಿಯ ಮಣ್ಣಿನಲ್ಲಿ ಬೇರೆ ಮಾಡಿಸಿ, ಚೆನ್ನಾಗಿ ಒಣಗಿಸಿ, ಹಳೇ ಮಣ್ಣಿಗೆ ಒತ್ತಿ ಕೂರಿಸಬೇಕು. ಬರೀ ರಾಡಿ ಒತ್ತಿ ತುಂಬಿದರೆ ಅದು ಒಣಗಿ ಕುಗ್ಗುತ್ತದೆ, ಮೇಲಿನ ಭಾರ ಹೊರುವುದಿಲ್ಲ. ಕುಸಿದ ಮಗ್ಗುಲಿನ ಪಕ್ಕ ಗೋಡೆ ಉಬ್ಬಿದೆಯೇ ನೋಡಿ. ಉಬ್ಬಿದ್ದರೆ ಬಿರುಕಿನ ಎರಡೂ ಕಡೆ ಒಂದೊಂದು ಮೊಳೆ ಹೊಡೆದು ನಡುವಿನ ಅಂತರವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಅಂತರ ಬೆಳೆಯುತ್ತಿದ್ದರೆ ಅದು ಮಣ್ಣು ಮೆತ್ತಿ ಮುಗಿಯುವ ಕೆಲಸವಲ್ಲ, ಇಂಜಿನಿಯರ್ ನೋಡಲೇಬೇಕು. ಅಲ್ಲಿಯವರೆಗೆ ಮಕ್ಕಳು ಹತ್ತದಂತೆ ಬೇಲಿ ಹಾಕಿಸಿ. ಮೇಲೆ ಬೇವು, ಅರಳಿ ಸಸಿ ಎದ್ದಿದ್ದರೆ ಎಳೆದು ಕೀಳಬೇಡಿ, ಬೇರಿನ ಜೊತೆ ಗೋಡೆಯೂ ಬರುತ್ತದೆ. ಬುಡಕ್ಕೆ ಕೊಯ್ದು, ಚಿಗುರಿದಾಗಲೆಲ್ಲ ಕೊಯ್ಯುತ್ತಿರಿ.

ಕೊನೆಗೆ ಗಿಲಾವು. ಮೇಲೆ ಹಾಕುವ ಮಣ್ಣು ಹಳೇ ಗೋಡೆಗಿಂತ ಮೆತ್ತಗಿರಬೇಕು, ಗಟ್ಟಿಯಾಗಿರಬಾರದು. ಮಳೆ ಅದನ್ನು ತಿನ್ನಲಿ, ಉಪ್ಪು ಅದರಲ್ಲಿ ಹರಳುಗಟ್ಟಲಿ, ಬಿಸಿಲು ಅದನ್ನು ಸೀಳಲಿ. ಒಳಗಿನದು ಉಳಿಯುತ್ತದೆ. ಮೊಹೆಂಜೊದಾರೊದಲ್ಲಿ ಸುಟ್ಟ ಇಟ್ಟಂಗಿಯ ಗೋಡೆಗಳಿಗೇ ಉಪ್ಪಿನ ಕಾಟ ತಡೆಯಲಾಗದೆ ಉಪ್ಪಿಲ್ಲದ ಮಣ್ಣು ಮೆತ್ತುವ ದಾರಿ ಹಿಡಿದಿದ್ದಾರೆ. ಉಪ್ಪು ಇಟ್ಟಂಗಿಯನ್ನು ಬಿಟ್ಟು ಮೆತ್ತಿದ ಮಣ್ಣಿಗೆ ಬರುತ್ತದೆ, ಆ ಮಣ್ಣನ್ನು ತೆಗೆದು ಹೊಸದು ಮೆತ್ತುತ್ತಾರೆ.

ಯಾವ ಮಣ್ಣು? ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ಬೇಡವೇ ಬೇಡ. ಬೇಸಿಗೆಯಲ್ಲಿ ಎರೆ ಹೊಲ ಹೇಗೆ ಬಾಯಿ ಬಿಡುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಗೋಡೆಯ ಮೇಲೂ ಅದು ಹಾಗೇ ಬಿರಿದು, ಬೀಳುವಾಗ ಹಳೇ ಮಣ್ಣನ್ನೂ ಎಳೆದುಕೊಂಡು ಬೀಳುತ್ತದೆ. ಮಸಾರಿ ಮಣ್ಣು, ಅಂದರೆ ಕೆಂಪು ಮಣ್ಣು, ತೆಗೆದುಕೊಳ್ಳಿ. ಹುಡೇವಿನಿಂದ ಬಿದ್ದ ಮಣ್ಣನ್ನು ಒಂದು ಗಾಜಿನ ಸೀಸೆಗೆ ಹಾಕಿ, ನೀರು ಬೆರೆಸಿ ಅಲ್ಲಾಡಿಸಿ ಒಂದು ದಿನ ಇಡಿ. ಮರಳು ಕೆಳಗೆ ಕೂರುತ್ತದೆ, ಜೇಡಿ ಮೇಲೆ. ಹೊಸ ಮಣ್ಣಿಗೂ ಹಾಗೇ ಮಾಡಿ. ಎರಡರ ಪದರ ಹೆಚ್ಚು ಕಡಿಮೆ ಒಂದೇ ಇದ್ದರೆ ಒಳ್ಳೆಯದು. ನಿಮ್ಮ ಶಾಲೆಯ ಮಕ್ಕಳೇ ಇದನ್ನು ಮಾಡಬಹುದು. ಮಣ್ಣಿಗೆ ಹೊಟ್ಟು ಸೇರಿಸಿ, ಬೇಕಾದರೆ ಸೆಗಣಿ ಸ್ವಲ್ಪ, ನಾಲ್ಕೈದು ದಿನ ಕೊಳೆಹಾಕಿ, ಚೆನ್ನಾಗಿ ತುಳಿದು ಹದ ಮಾಡಿ. ಮೊದಲು ಒಂದೊಂದು ಚದರ ಅಡಿಯ ತುಂಡುಗಳಲ್ಲಿ ಬೇರೆ ಬೇರೆ ಪ್ರಮಾಣ ಹಚ್ಚಿ ನೋಡಿ, ಅದೂ ಹುಡೇವಿನ ಮೇಲಲ್ಲ, ಯಾವುದಾದರೂ ಪಾಳು ಗೋಡೆಯ ಮೇಲೆ. ಬಿರಿಯದೆ ಹಿಡಿದದ್ದನ್ನು ಆರಿಸಿ. ಎರಡು ತೆಳು ಪದರ ಸಾಕು, ಒಮ್ಮೆಗೇ ದಪ್ಪಗೆ ಬಡಿಯಬೇಡಿ. ಹುಡೇವಿನ ತಲೆಗೆ ನಡು ಎತ್ತರ, ಅಂಚು ಇಳಿಜಾರಾಗಿ ದಪ್ಪ ಹೊದಿಕೆ ಕೊಡಿ. ಊರಲ್ಲಿ ಮಾಳಿಗೆ ಕಟ್ಟಿ ಗೊತ್ತಿರುವ ಹಿರಿಯ ಗೌಂಡಿ ಒಬ್ಬರಾದರೂ ಇರುತ್ತಾರೆ. ಅವರ ಕೈಗೆ ಕೆಲಸ ಕೊಡಿ, ಎರಡು ಮೂರು ಹುಡುಗರನ್ನು ಅವರ ಜೊತೆ ಬಿಡಿ.

ಇದರಲ್ಲೂ ಅಪಾಯ ಇದೆ, ಮುಚ್ಚಿಡುವುದಿಲ್ಲ. ಪ್ರತಿ ವರ್ಷ ರೋಹಿಣಿ ಮಳೆಗೂ ಮುಂಚೆ ನೋಡಿ ದುರಸ್ತಿ ಮಾಡಲೇಬೇಕು. ನಮ್ಮ ಕಡೆ ವರ್ಷದ ಮಳೆ ಕಡಿಮೆಯಾದರೂ ಉತ್ತರಿ, ಹಸ್ತ, ಚಿತ್ತಿಯಲ್ಲಿ ಹೊಡೆದರೆ ಒಂದೇ ರಾತ್ರಿ ತಿಂಗಳ ಮಳೆ ಹೊಡೆಯುತ್ತದೆ. ಎರಡು ಮೂರು ವರ್ಷ ಕೈಬಿಟ್ಟರೆ ಹಳೇ ಗೋಡೆ ಮತ್ತೆ ಬತ್ತಲೆ. ಪಂಚಾಯಿತಿ ಒಮ್ಮೆ ದೊಡ್ಡ ಹಣ ಇಡುವುದಕ್ಕಿಂತ ವರ್ಷ ವರ್ಷ ಸಣ್ಣ ಹಣ ಇಡುವುದು ಮೇಲು.

ಇನ್ನು ದಿಬ್ಬ. ನನಗೆ ಹೆಚ್ಚು ಕಳವಳ ತಂದದ್ದು ಇದೇ. ಕಪ್ಪು-ಕೆಂಪು ಮಡಕೆ ನಮ್ಮ ಭಾಗದಲ್ಲಿ ಕಬ್ಬಿಣ ಬಂದ ಕಾಲದಿಂದ ಶಾತವಾಹನರ ಕಾಲದವರೆಗೆ ಸಿಗುತ್ತದೆ. ಚೂರು ನೋಡಿ ಗೋಡೆಯ ವಯಸ್ಸು ಹೇಳಲಾಗದು, ಆದರೆ ಎರಡು ಸಾವಿರ ವರ್ಷದ ಹಿಂದಿನ ಊರು ಅಲ್ಲಿ ಇದ್ದಿರಬಹುದು. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜ ರಾವ್ ಉತ್ಖನನ ಮಾಡಿದಾಗ ದುಂಡು ಮನೆಗಳ ನೆಲ ಸಿಕ್ಕಿತು. ಕಲ್ಲಿನ ಆಯುಧದ ಕಾಲದಿಂದ ಕಬ್ಬಿಣದ ಕಾಲಕ್ಕೆ ಜನ ಹೇಗೆ ಬಂದರು ಎನ್ನುವುದು ಅಲ್ಲಿನ ಮಣ್ಣಿನ ಪದರಗಳಿಂದ ತಿಳಿಯಿತು. ಜೆಸಿಬಿ ಒಂದು ಬುಟ್ಟಿ ಎತ್ತಿದರೆ ಅಂಥ ಪದರಗಳೆಲ್ಲ ಕಲಸಿಹೋಗುತ್ತವೆ. ರೈತರಿಗೆ ಅದು ಒಳ್ಳೆಯ ಗೊಬ್ಬರ, ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಅಗೆತವನ್ನು ಇವತ್ತೇ ನಿಲ್ಲಿಸಿ ಎಂದು ಕೈಮುಗಿದು ಕೇಳುತ್ತೇನೆ.

ಶೆಡ್ ಹಾಕಿದರೆ ಆಗದೇ? ಅಮೆರಿಕದ ಅರಿಜೋನಾದಲ್ಲಿ ಕಾಸಾ ಗ್ರಾಂಡೆ ಎಂಬ ಮಣ್ಣಿನ ಕಟ್ಟಡಕ್ಕೆ 1932ರಲ್ಲಿ ದೊಡ್ಡ ಉಕ್ಕಿನ ಮಾಡು ಕಟ್ಟಿದರು, ಇಂದಿಗೂ ಇದೆ. ಆದರೆ ಅದು ಮರುಭೂಮಿ, ಮಾಡು ಎತ್ತರದ್ದು, ನೋಡಿಕೊಳ್ಳುವ ಸಿಬ್ಬಂದಿ ಅಲ್ಲೇ ಇದ್ದಾರೆ. ನಿಮ್ಮ ತಗಡಿನ ಶೆಡ್ಡಿಗೆ ಕಂಬದ ಗುಂಡಿ ತೋಡುವಾಗಲೇ ಪದರಗಳು ಹಾಳಾಗುತ್ತವೆ. ತಗಡಿನಿಂದ ಸುರಿಯುವ ನೀರು ಅಂಚಿನಲ್ಲಿ ಕೊರೆಯುತ್ತದೆ. ಪಕ್ಕದ ಹೊಲದ ತೇವ ನೆಲದಡಿಯಿಂದ ಬಂದು ಒಳಗಿನ ಒಣ ಗೋಡೆಯಲ್ಲಿ ಉಪ್ಪು ಬಿಡುತ್ತದೆ. ಒಂದು ಬಿರುಗಾಳಿಗೆ ತಗಡು ಹಾರಿದರೆ ಕೇಳುವವರು ಯಾರು?

ಮುಚ್ಚುವುದೇ ಸರಿ. ಕಾಯಂ ಆಗಿ ಮುಚ್ಚುವ ಕೆಲಸ ಪುರಾತತ್ವ ಇಲಾಖೆಯವರ ಎದುರೇ ಆಗಬೇಕು. ಆದರೆ ಅಡ್ಡಮಳೆ ಕಾಯುವುದಿಲ್ಲವಾದ್ದರಿಂದ ತಾತ್ಕಾಲಿಕ ರಕ್ಷಣೆಯನ್ನು ನೀವು ಮಾಡಬಹುದು. ಗೋಡೆಯನ್ನು ಕೆರೆದು ಸ್ವಚ್ಛ ಮಾಡಬೇಡಿ. ಒಂದು ಅಳತೆ ಕೋಲು ಇಟ್ಟು ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಮಡಕೆ ಚೂರುಗಳನ್ನು ಮನೆಗೆ ಒಯ್ಯಬೇಡಿ. ಗೋಡೆಗೆ ತಾಗಿ ಜರಡಿ ಹಿಡಿದ ಒಣ ಮರಳು ಒಂದು ಗೇಣು, ಅದರ ಮೇಲೆ ಸಡಿಲವಾದ ಮಸಾರಿ ಮಣ್ಣನ್ನು ಇಳಿಜಾರಾಗಿ ಒಡ್ಡಿ. ಮುಂದೆ ಯಾರು ತೆಗೆದರೂ ಮರಳು ಕಂಡಕೂಡಲೇ ಹಳೆಯದು ಹತ್ತಿರ ಬಂತು ಎಂದು ತಿಳಿಯುತ್ತದೆ. ಪ್ಲಾಸ್ಟಿಕ್ ಹಾಳೆ ಬೇಡ, ಒಳಗೆ ಬೆವರಿ ಗೋಡೆ ನೆನೆಯುತ್ತದೆ. ಮೇಲಿನಿಂದ ನೀರು ಹರಿದು ಬರದಂತೆ ಅಗೆದ ಜಾಗದ ಮೇಲ್ಗಡೆ ಸಣ್ಣ ಒಡ್ಡು ಹಾಕಿ.

ಮಣ್ಣು ಎಲ್ಲಿಂದ ತರುತ್ತೀರಿ ಎನ್ನುವುದೂ ಮುಖ್ಯ. ಆಫ್ರಿಕಾದ ಟಾಂಜಾನಿಯಾದಲ್ಲಿ ಲಾಯ್ಟೊಲಿ ಎಂಬಲ್ಲಿ 36 ಲಕ್ಷ ವರ್ಷ ಹಳೆಯ ಮಾನವ ಪೂರ್ವಜರ ಹೆಜ್ಜೆಗುರುತು ಸಿಕ್ಕಿದ್ದವು. ಅವನ್ನು ಮುಚ್ಚಿದ ಮಣ್ಣಿನಲ್ಲಿ ಅಕೇಶಿಯಾ ಬೀಜಗಳಿದ್ದವು. ಗಿಡ ಎದ್ದು ಬೇರು ಹೆಜ್ಜೆಗುರುತಿಗೇ ಇಳಿಯತೊಡಗಿತು. 1990ರ ದಶಕದಲ್ಲಿ ಮತ್ತೆ ಬಿಚ್ಚಿ, ಬೇರು ತೆಗೆದು, ಜಾಗ್ರತೆಯಿಂದ ಮತ್ತೆ ಮುಚ್ಚಬೇಕಾಯಿತು. ನಮ್ಮಲ್ಲಿ ಕುರಿ ನಿಲ್ಲಿಸಿದ ಜಾಗದ ಮಣ್ಣಿನಲ್ಲಿ ಬಳ್ಳಾರಿ ಜಾಲಿಯ ಬೀಜ ತುಂಬಿರುತ್ತದೆ. ಅಲ್ಲಿಂದ ತರಬೇಡಿ.

ಹುಡುಗರ ಆಸೆಯನ್ನು ತಳ್ಳಿಹಾಕಬೇಡಿ. ಗೋಡೆ ಮುಚ್ಚಿದ ಮೇಲೆ, ಇಲಾಖೆ ಒಪ್ಪಿದರೆ, ಅದರ ನೇರಕ್ಕೆ ಮೇಲಿನ ಹೊಸ ಮಣ್ಣಿನ ಮೇಲೆ ಒಂದೆರಡು ವರಸೆ ಹೊಸ ಹಸಿ ಇಟ್ಟಂಗಿ ಇಟ್ಟು ಮನೆಯ ಆಕಾರ ತೋರಿಸಬಹುದು. ಪಕ್ಕದಲ್ಲಿ ಫೋಟೊ ಇರುವ ಫಲಕ ಇಡಬಹುದು. ಹಾಳಾದರೆ ಹೊಸ ಇಟ್ಟಂಗಿ ಹಾಳಾಗುತ್ತದೆ, ಅಷ್ಟೇ.

ಕಾನೂನಿನ ಮಾತು ಸ್ವಲ್ಪ. ಹುಡೇವು ಕೇಂದ್ರದ ಅಥವಾ ರಾಜ್ಯದ ಸಂರಕ್ಷಿತ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ವಿಚಾರಿಸಿ. ಇದ್ದರೆ ಗಿಲಾವಿನಿಂದ ಹಿಡಿದು ಎಲ್ಲಕ್ಕೂ ಅನುಮತಿ ಬೇಕು. ಕೇಂದ್ರದ ಪಟ್ಟಿಯಲ್ಲಿದ್ದರೆ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ಪಟ್ಟಿಯಲ್ಲಿ ಇಲ್ಲದಿದ್ದರೂ ದಿಬ್ಬದ ವಿಷಯವನ್ನು ತಹಶೀಲ್ದಾರರಿಗೂ ರಾಜ್ಯ ಪುರಾತತ್ವ ಇಲಾಖೆಗೂ ಬರೆದು ತಿಳಿಸಿ. ಧಾರವಾಡದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣದ ವೃತ್ತ ಕಚೇರಿ ಇದೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಮತ್ತು ಶಾಸನಶಾಸ್ತ್ರ ಓದಿಸುವ ವಿಭಾಗವಿದೆ. ಅವರಿಗೂ ಒಂದು ಪ್ರತಿ ಕಳಿಸಿ. ಪತ್ರದಲ್ಲಿ ಸರ್ವೆ ನಂಬರ್, ಫೋಟೊ, ಅಗೆದ ದಿನ, ಎಷ್ಟು ಆಳದಲ್ಲಿ ಏನು ಕಂಡಿತು ಎಲ್ಲ ಇರಲಿ. ಜಮೀನಿನ ಮಾಲೀಕರ ಜೊತೆ ಕೂತು ಬರೆಯಿರಿ. ಅವರಿಗೆ ಹೇಳದೆ ಮಾಡಿದರೆ ಜಮೀನು ಹೋಗುತ್ತದೆ ಎಂಬ ಹೆದರಿಕೆಯಲ್ಲಿ ರಾತ್ರೋರಾತ್ರಿ ದಿಬ್ಬ ಸಮ ಮಾಡಿಸುವವರೂ ಇರುತ್ತಾರೆ. ನಾಣ್ಯ, ಒಡವೆ ಏನಾದರೂ ಸಿಕ್ಕಿದ್ದರೆ ಅದನ್ನು ಒಪ್ಪಿಸುವುದು ಕಾನೂನಿನಂತೆ ಕಡ್ಡಾಯ, ಅದನ್ನೂ ಮೆತ್ತಗೆ ತಿಳಿಸಿ ಹೇಳಿ.

ಈ ವರ್ಷ ಹುಡೇವಿನ ಗಿಲಾವಿಗೆ ಹೊತ್ತು ಸಾಲದು. ಒಣಗುವ ಮುಂಚೆ ಮಳೆ ಬಿದ್ದರೆ ಎಲ್ಲ ತೊಳೆದುಹೋಗುತ್ತದೆ. ಈಗ ನೀರಿನ ದಾರಿ, ತಲೆಯ ಹೊದಿಕೆ ಎರಡನ್ನು ಮುಗಿಸಿ. ಬುಡ ತುಂಬುವುದು ಮತ್ತು ಗಿಲಾವು ಸಂಕ್ರಾಂತಿ ಆದ ಮೇಲೆ ಇರಲಿ. ಮೊದಲ ಜೋರು ಮಳೆ ನಿಂತ ಕೂಡಲೇ ಕೊಡೆ ಹಿಡಿದು ಹುಡೇವಿನ ಸುತ್ತ ಒಂದು ಸುತ್ತು ಹಾಕಿ, ನೀರು ಎಲ್ಲೆಲ್ಲಿ ನಿಂತಿದೆ ಎಂದು ಗುರುತು ಮಾಡಿ ಫೋಟೊ ಕಳಿಸಿ. ಗಿಲಾವು ಎಲ್ಲಿಂದ ಶುರು ಮಾಡಬೇಕು ಎನ್ನುವುದನ್ನು ಅದನ್ನು ನೋಡಿ ಹೇಳುತ್ತೇನೆ.